250 ಡಾಲರ್ ಹಾಕಿದರೆ ನಿಜವಾಗಲೂ ಮಾಲೀಕರಾಗ್ತೀವಾ?

ಪ್ರಶ್ನೆ: ನಾನು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಕೆಲವು ದಿನಗಳಿಂದ ಫೋನ್ ತೆರೆದರೆ ಸಾಕು, ಒಂದು ಬ್ಯಾಟರಿ ಕಂಪನಿಯ ಜಾಹೀರಾತು ಬರುತ್ತದೆ. ಷೇರು ಮಾರುಕಟ್ಟೆಗೆ ಬಾರದ ಖಾಸಗಿ ಕಂಪನಿ. ‘250 ಡಾಲರ್ ಹಾಕಿ, ನೀವೂ ಮಾಲೀಕರಾಗಿ’ ಅನ್ನುತ್ತಾರೆ. ಈಗಾಗಲೇ ಎರಡು ಸಾವಿರಕ್ಕೂ ಹೆಚ್ಚು ಜನ ಹಾಕಿದ್ದಾರಂತೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯಾ? ಹಾಕಿದ ದುಡ್ಡು ವಾಪಸ್ ಬರುವುದು ಹೇಗೆ? ಇನ್ನೊಂದು ವಿಷಯ. ನನ್ನ ತಮ್ಮ ಭಾರತದಲ್ಲಿ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಾನೆ. ಅವನೂ ಹೀಗೆ ಆನ್‌ಲೈನ್‌ನಲ್ಲಿ ಬಂಡವಾಳ ಎತ್ತಬಹುದಾ?

ಉತ್ತರ: ಮೊದಲ ಪ್ರಶ್ನೆಗೆ ಬೇಗ ಉತ್ತರ ಹೇಳಿಬಿಡುತ್ತೇನೆ. ಒಪ್ಪಿಗೆ ಇದೆ. ನನಗೆ ಹೆಚ್ಚು ಮುಖ್ಯ ಅನಿಸಿದ್ದು ನಿಮ್ಮ ಎರಡನೇ ಪ್ರಶ್ನೆ. ಹೆಚ್ಚಿನವರು ಅದನ್ನು ಕೇಳುವುದೇ ಇಲ್ಲ, ಕೇಳಿದರೂ ದುಡ್ಡು ಹಾಕಿದ ಮೇಲೆ.

ಅಮೆರಿಕದಲ್ಲಿ 1933ರ ಸೆಕ್ಯುರಿಟೀಸ್ ಕಾಯ್ದೆ ಇದೆ. ಜನರಿಗೆ ಷೇರು ಮಾರಬೇಕಾದರೆ ಅದನ್ನು ಷೇರು ವ್ಯವಹಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಸ್‌ಇಸಿಯಲ್ಲಿ ನೋಂದಾಯಿಸಬೇಕು, ಇಲ್ಲವೇ ಕಾನೂನು ಕೊಟ್ಟ ಯಾವುದಾದರೂ ವಿನಾಯಿತಿಯೊಳಗೆ ಬರಬೇಕು. ನೋಂದಣಿ ಅಂದರೆ ಹೆಚ್ಚುಕಡಿಮೆ ಐಪಿಒ, ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು. ಅದರ ಖರ್ಚು ಸಣ್ಣ ಕಂಪನಿಗೆ ಎಟುಕುವುದಿಲ್ಲ. ಹಾಗಾಗಿ ದಶಕಗಳ ಕಾಲ ಸಣ್ಣ ಕಂಪನಿಗಳು ವಿನಾಯಿತಿಯನ್ನೇ ಹಿಡಿದುಕೊಂಡು ಸಿರಿವಂತರ ಬಳಿ ಮಾತ್ರ ಹೋಗುತ್ತಿದ್ದವು. ಊರಿಗೆಲ್ಲ ಡಂಗುರ ಸಾರಿ ಷೇರು ಮಾರುವ ಹಾಗಿರಲಿಲ್ಲ.

ಇದು ಬದಲಾಗಿದ್ದು 2012ರ ಏಪ್ರಿಲ್‌ನಲ್ಲಿ. ಸಣ್ಣ ಕಂಪನಿಗಳು ಬಂಡವಾಳ ಎತ್ತುವುದನ್ನು ಸುಲಭ ಮಾಡುವ ಜಾಬ್ಸ್ ಕಾಯ್ದೆಗೆ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ಅದರಿಂದ ಮೂರು ಬಾಗಿಲು ತೆರೆದವು. ನಿಮ್ಮ ಜಾಹೀರಾತಿನ ಕಂಪನಿ ಇವುಗಳಲ್ಲಿ ಯಾವ ಬಾಗಿಲಿಂದ ಬಂದಿದೆ ಅಂತ ಮೊದಲು ನೋಡಿ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಒಂದು ಬಾಗಿಲು ನಿಯಮ 506(ಸಿ). ಇಲ್ಲಿ ಜಾಹೀರಾತು ಎಷ್ಟು ಬೇಕಾದರೂ ಕೊಡಬಹುದು, ಆದರೆ ಕೊಳ್ಳುವವರು ‘ಅಕ್ರೆಡಿಟೆಡ್’ ಹೂಡಿಕೆದಾರರೇ ಆಗಿರಬೇಕು. ಅಂದರೆ ವರ್ಷಕ್ಕೆ 2 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ, ಗಂಡ ಹೆಂಡತಿ ಸೇರಿ ಆದರೆ 3 ಲಕ್ಷಕ್ಕಿಂತ ಹೆಚ್ಚು, ಅಥವಾ ವಾಸದ ಮನೆ ಬಿಟ್ಟು, ಸಾಲ ಕಳೆದು 10 ಲಕ್ಷ ಡಾಲರ್‌ಗಿಂತ ಜಾಸ್ತಿ ಆಸ್ತಿ. 250 ಡಾಲರ್ ಕೇಳುವ ಜಾಹೀರಾತು ಇದಾಗಿರಲಾರದು.

ಇನ್ನೊಂದು ರೆಗ್ಯುಲೇಷನ್ ಎ. ಇದನ್ನು ಪುಟ್ಟ ಐಪಿಒ ಅಂದುಕೊಳ್ಳಿ. ಇದರ ಎರಡನೇ ಹಂತದಲ್ಲಿ 12 ತಿಂಗಳಿಗೆ 7.5 ಕೋಟಿ ಡಾಲರ್‌ವರೆಗೆ ಎತ್ತಬಹುದು. ಆಡಿಟ್ ಆದ ಲೆಕ್ಕ ಕೊಡಬೇಕು. ಎಸ್‌ಇಸಿ ದಾಖಲೆ ನೋಡಿ ಪ್ರಶ್ನೆ ಕೇಳಿ ಮುಂದಕ್ಕೆ ಬಿಡುವವರೆಗೆ ಮಾರುವ ಹಾಗಿಲ್ಲ.

ಮೂರನೆಯದು ರೆಗ್ಯುಲೇಷನ್ ಕ್ರೌಡ್‌ಫಂಡಿಂಗ್, ಅಂದರೆ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಹಣ ಎತ್ತುವ ದಾರಿ. 250 ಡಾಲರ್ ಲೆಕ್ಕದಲ್ಲಿ ಬರುವ ಜಾಹೀರಾತು ಬಹುಪಾಲು ಇದೇ. ಕಾಯ್ದೆ 2012ರಲ್ಲೇ ಬಂದರೂ ನಿಯಮ ಜಾರಿಗೆ ಬಂದಿದ್ದು 2016ರ ಮೇ 16ಕ್ಕೆ. ಆಗ ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಲು ಅವಕಾಶವಿತ್ತು. 2021ರ ಮಾರ್ಚ್‌ನಲ್ಲಿ ಅದನ್ನು 50 ಲಕ್ಷಕ್ಕೆ ಏರಿಸಿದರು. ಆಮೇಲೆ ಇಂಥ ಜಾಹೀರಾತುಗಳೂ ಜಾಸ್ತಿಯಾದವು ಅಂತ ನನ್ನ ಫೋನ್ ನೋಡಿಯೇ ಹೇಳಬಲ್ಲೆ.

ಈ ದಾರಿಯಲ್ಲಿ ಕಂಪನಿ ತನ್ನದೇ ವೆಬ್‌ಸೈಟ್‌ನಲ್ಲಿ ನೇರವಾಗಿ ದುಡ್ಡು ತೆಗೆದುಕೊಳ್ಳುವಂತಿಲ್ಲ. ನಡುವೆ ಒಂದು ಪೋರ್ಟಲ್ ಇರಲೇಬೇಕು. ಆ ಪೋರ್ಟಲ್ ಎಸ್‌ಇಸಿಯಲ್ಲಿ ನೋಂದಣಿಯಾಗಿ, ಬ್ರೋಕರ್‌ಗಳ ಮೇಲೆ ಕಣ್ಣಿಡುವ ಫಿನ್ರಾ ಅನ್ನುವ ಸಂಸ್ಥೆಯ ಸದಸ್ಯನಾಗಿರಬೇಕು. ವೀಫಂಡರ್, ಸ್ಟಾರ್ಟ್‌ಎಂಜಿನ್, ರಿಪಬ್ಲಿಕ್ ಇವು ನೀವು ಕೇಳಿರಬಹುದಾದ ಹೆಸರುಗಳು. ಫಿನ್ರಾ ತನ್ನ ವೆಬ್‌ಸೈಟ್‌ನಲ್ಲಿ ಪೋರ್ಟಲ್‌ಗಳ ಪಟ್ಟಿ ಇಟ್ಟಿದೆ. ನಿಮ್ಮ ಜಾಹೀರಾತು ಕರೆದೊಯ್ದ ಜಾಗದ ಹೆಸರು ಅದರಲ್ಲಿ ಇದೆಯಾ ಅಂತ ಎರಡು ನಿಮಿಷದಲ್ಲಿ ನೋಡಬಹುದು. ಕೆಲವು ಸಲ ಪೂರ್ಣ ಪ್ರಮಾಣದ ಬ್ರೋಕರ್ ಸಂಸ್ಥೆಯೇ ಈ ಕೆಲಸ ಮಾಡುತ್ತದೆ. ಅದರ ಹೆಸರನ್ನು ಫಿನ್ರಾದ ಬ್ರೋಕರ್‌ಚೆಕ್ ಅನ್ನುವ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಎರಡು ಕಡೆಯೂ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ನೀವು ಹಾಕಿದ ಹಣ ಕೂಡಲೇ ಕಂಪನಿಯ ಕೈ ಸೇರುವುದಿಲ್ಲ. ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ವಶದಲ್ಲಿ ಇರುತ್ತದೆ. ಕಂಪನಿ ಹೇಳಿದ ಕನಿಷ್ಠ ಗುರಿ ಮುಟ್ಟದಿದ್ದರೆ ಎಲ್ಲರಿಗೂ ವಾಪಸ್. ಮಾರಾಟ ಕನಿಷ್ಠ 21 ದಿನ ತೆರೆದಿರಬೇಕು. ಗಡುವಿಗೆ 48 ಗಂಟೆ ಬಾಕಿ ಇರುವವರೆಗೂ ನೀವು ಮನಸ್ಸು ಬದಲಿಸಿ ಹಣ ಹಿಂದಕ್ಕೆ ಪಡೆಯಬಹುದು. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ಒಂದು ಎಚ್ಚರ: ಗುರಿ ಮುಟ್ಟಿದ ಕಂಪನಿ ಐದು ಕೆಲಸದ ದಿನ ಮೊದಲು ನೋಟಿಸ್ ಕೊಟ್ಟು ಗಡುವನ್ನು ಹಿಂದಕ್ಕೆ ತರಬಹುದು. ಹಾಗಾಗಿ ಆ ಇಮೇಲ್‌ಗಳನ್ನು ಓದದೆ ಅಳಿಸಬೇಡಿ.

ನೀವು ಎಷ್ಟು ಹಾಕಬಹುದು ಅನ್ನುವುದಕ್ಕೂ ಮಿತಿ ಇದೆ. ನೀವು ಅಕ್ರೆಡಿಟೆಡ್ ಅಲ್ಲ ಅಂದುಕೊಳ್ಳೋಣ. ನಿಮ್ಮ ವಾರ್ಷಿಕ ಆದಾಯ ಮತ್ತು ಆಸ್ತಿ (ಇಲ್ಲೂ ವಾಸದ ಮನೆ ಬಿಟ್ಟು, ಸಾಲ ಕಳೆದು) ಇವೆರಡರಲ್ಲಿ ಒಂದಾದರೂ 1,24,000 ಡಾಲರ್‌ಗಿಂತ ಕಡಿಮೆ ಇದ್ದರೆ, ಎರಡರಲ್ಲಿ ದೊಡ್ಡದರ ಶೇ. 5 ಅಥವಾ 2,500 ಡಾಲರ್, ಯಾವುದು ಹೆಚ್ಚೋ ಅದು. ಎರಡೂ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೊಡ್ಡದರ ಶೇ. 10, ಗರಿಷ್ಠ 1,24,000. ಈ ಮಿತಿ ಒಂದು ಕಂಪನಿಗೆ ಅಲ್ಲ, 12 ತಿಂಗಳಲ್ಲಿ ಈ ನಿಯಮದಡಿ ನೀವು ಹಾಕುವ ಎಲ್ಲ ಹಣಕ್ಕೂ ಸೇರಿ.

ಇಷ್ಟೆಲ್ಲ ಇದೆ ಅಂದಮೇಲೆ ಸರ್ಕಾರ ಪರೀಕ್ಷೆ ಮಾಡಿಯೇ ಬಿಟ್ಟಿರುತ್ತದೆ ಅಂತ ಅನಿಸುತ್ತದೆ, ಅಲ್ವಾ? ಇಲ್ಲ. ಕ್ರೌಡ್‌ಫಂಡಿಂಗ್ ದಾರಿಯಲ್ಲಿ ಕಂಪನಿ ‘ಫಾರ್ಮ್ ಸಿ’ ಅನ್ನುವ ದಾಖಲೆಯನ್ನು ಎಸ್‌ಇಸಿಗೆ ಸಲ್ಲಿಸುತ್ತದೆ, ಅಷ್ಟೇ. ಮಾರಾಟ ಶುರುವಾಗುವ ಮೊದಲು ಅದನ್ನು ಯಾರೂ ಕೂತು ಓದಿ ‘ಸರಿ’ ಅನ್ನುವುದಿಲ್ಲ. ರೆಗ್ಯುಲೇಷನ್ ಎ ದಾರಿಯಲ್ಲಿ ಓದುತ್ತಾರೆ, ಆದರೆ ಅವರು ನೋಡುವುದು ಹೇಳಬೇಕಾದ್ದನ್ನೆಲ್ಲ ಹೇಳಿದ್ದಾರಾ ಅಂತ. ಕಂಪನಿ ಉದ್ಧಾರ ಆಗುತ್ತದಾ, ಬೆಲೆ ಸರಿ ಇದೆಯಾ ಅನ್ನುವ ತೀರ್ಪು ಅವರು ಕೊಡುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಎಸ್‌ಇಸಿ ಈ ನಿಯಮದಡಿ ಮೊದಲ ವಂಚನೆ ಪ್ರಕರಣ ಹೂಡಿದಾಗ ಕಟಕಟೆಯಲ್ಲಿ ಕಂಪನಿ ನಡೆಸಿದವರ ಜೊತೆ ನೋಂದಾಯಿತ ಪೋರ್ಟಲ್ ಕೂಡ ಇತ್ತು.

ಈಗ ದುಡ್ಡು ವಾಪಸ್ ಬರುವ ಮಾತು.

ಮೊದಲು ಒಂದು ಗೊಂದಲ ಬಿಡಿಸೋಣ. 2012ರಲ್ಲಿ ವಿಆರ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಅನ್ನುವ ಕಂಪನಿ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟ್‌ನಲ್ಲಿ ಸಾಮಾನ್ಯ ಜನರಿಂದ ಸುಮಾರು 24 ಲಕ್ಷ ಡಾಲರ್ ಎತ್ತಿತು. ಎರಡು ವರ್ಷದಲ್ಲಿ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರ್‌ಗೆ ಕೊಂಡಿತು. ಆ ಜನರಿಗೆ ಅದರಲ್ಲಿ ಒಂದು ಸೆಂಟ್ ಕೂಡ ಬರಲಿಲ್ಲ. ಅವರು ಕೊಟ್ಟಿದ್ದು ಮುಂಗಡ ಮಾತ್ರ. ಹೆಡ್‌ಸೆಟ್ ಅಥವಾ ಟಿ-ಶರ್ಟ್ ಸಿಕ್ಕಿತ್ತು, ಷೇರು ಸಿಕ್ಕಿರಲಿಲ್ಲ. ಆಗ ಎದ್ದ ಸಿಟ್ಟು ನನಗಿನ್ನೂ ನೆನಪಿದೆ. ನೀವು ನೋಡಿದ ಜಾಹೀರಾತು ಈ ಜಾತಿಯದಲ್ಲ. ಆದರೆ ‘ಮಾಲೀಕರಾಗಿ’ ಅನ್ನುವ ಪದವನ್ನು ನಂಬಿ ಕೂರುವ ಹಾಗೂ ಇಲ್ಲ. ಏಕೆಂದರೆ ಈ ಪೋರ್ಟಲ್‌ಗಳಲ್ಲಿ ಮಾರಾಟವಾಗುವುದು ಯಾವಾಗಲೂ ಷೇರೇ ಆಗಿರುವುದಿಲ್ಲ.

ಕೆಲವೊಮ್ಮೆ ನೇರ ಷೇರು ಇರುತ್ತದೆ. ಕೆಲವೊಮ್ಮೆ ಅದು ಸಾಲ: ಕಂಪನಿ ಬಡ್ಡಿ ಕೊಡುತ್ತದೆ, ಅಥವಾ ವ್ಯಾಪಾರದ ಆದಾಯದಲ್ಲಿ ಇಂತಿಷ್ಟು ಪಾಲು ಕೊಡುತ್ತಾ, ಉದಾಹರಣೆಗೆ ನಿಮ್ಮ ಅಸಲಿನ ಒಂದೂವರೆ ಪಟ್ಟು ಆಗುವವರೆಗೆ ತೀರಿಸುತ್ತದೆ. ಈಗಾಗಲೇ ವ್ಯಾಪಾರ ನಡೆಯುತ್ತಿರುವ ಸಣ್ಣ ಕಂಪನಿಗೆ ಇದೇ ಒಳ್ಳೆಯದು ಅನ್ನುವವನು ನಾನು. ದುಡ್ಡು ಬರುತ್ತಿದೆಯೋ ಇಲ್ಲವೋ ಅಂತ ಪ್ರತಿ ತ್ರೈಮಾಸಿಕ ಕಣ್ಣಿಗೆ ಕಾಣುತ್ತದೆ. ಇನ್ನು ಕೆಲವೊಮ್ಮೆ ಇರುವುದು ‘ಸೇಫ್’. ಹೊಸ ಕಂಪನಿಗಳಿಗೆ ಹಣ ಹಾಕಿ ಬೆಳೆಸುವ ವೈ ಕಾಂಬಿನೇಟರ್ ಸಂಸ್ಥೆ 2013ರಲ್ಲಿ ರೂಪಿಸಿದ ಪತ್ರ ಇದು. ಇಂದು ದುಡ್ಡು ಕೊಡಿ, ಮುಂದೆ ದೊಡ್ಡ ಹೂಡಿಕೆ ಬಂದಾಗ ಅಥವಾ ಕಂಪನಿ ಮಾರಾಟವಾದಾಗ ಇಂಥ ಲೆಕ್ಕದಲ್ಲಿ ಷೇರೋ ಹಣವೋ ಕೊಡುತ್ತೇವೆ ಅನ್ನುವ ಮಾತು. ಆ ‘ಮುಂದೆ’ ಬರದಿದ್ದರೆ? ಷೇರೂ ಇಲ್ಲ, ಬಡ್ಡಿಯೂ ಇಲ್ಲ, ವಾಯಿದೆಯೂ ಇಲ್ಲ. ಕಂಪನಿ ಹೊಸ ಹೂಡಿಕೆ ಬೇಡ, ಲಾಭದಲ್ಲೇ ನಡೆಯುತ್ತೇನೆ ಅಂತ ನಿರ್ಧರಿಸಿದರೆ ನೀವು ವರ್ಷಗಟ್ಟಲೆ ಆ ಪತ್ರ ಹಿಡಿದು ಕೂರಬೇಕು. ಹೆಸರು ಸೇಫ್ ಅಂದಮಾತ್ರಕ್ಕೆ ಸುರಕ್ಷಿತ ಅಂದುಕೊಳ್ಳಬೇಡಿ ಅಂತ ಎಸ್‌ಇಸಿಯೇ 2017ರಲ್ಲಿ ಜನರನ್ನು ಎಚ್ಚರಿಸಿತ್ತು.

ನೇರ ಷೇರೇ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಒಂದು ಲೆಕ್ಕ ಮಾಡೋಣ, ಕಾಗದ ಪೆನ್ನು ತೆಗೆದುಕೊಳ್ಳಿ.

ಕಂಪನಿ ತನ್ನ ಬೆಲೆ 2 ಕೋಟಿ ಡಾಲರ್ ಅಂತ ಹೇಳಿಕೊಂಡು, ಜನರಿಂದ 20 ಲಕ್ಷ ಎತ್ತುತ್ತದೆ. ಈಗ ಒಟ್ಟು ಬೆಲೆ 2.2 ಕೋಟಿ. ನೀವು 1,000 ಡಾಲರ್ ಹಾಕಿದಿರಿ. ನಿಮ್ಮದು 22,000ದಲ್ಲಿ ಒಂದು ಪಾಲು. ಕಂಪನಿ ಬೆಳೆಯಲು ಇನ್ನೂ ಹಣ ಬೇಕು. ಮುಂದಿನ ವರ್ಷ ಒಂದು ವೆಂಚರ್ ಫಂಡ್, ಅಂದರೆ ಬೆಳೆಯುವ ಕಂಪನಿಗಳಿಗೆ ದೊಡ್ಡ ಹಣ ಹಾಕುವ ಸಂಸ್ಥೆ, 1 ಕೋಟಿ ಕೊಟ್ಟು ಶೇ. 20 ತೆಗೆದುಕೊಳ್ಳುತ್ತದೆ. ಆಮೇಲೆ ಇನ್ನೊಂದು ಫಂಡ್ 1.5 ಕೋಟಿ ಕೊಟ್ಟು ಮತ್ತೆ ಶೇ. 20 ಪಡೆಯುತ್ತದೆ. ನಿಮ್ಮ ಷೇರುಗಳ ಸಂಖ್ಯೆ ಅಷ್ಟೇ ಇದೆ, ಆದರೆ ಒಟ್ಟು ಷೇರು ಹೆಚ್ಚಾಗಿ ನಿಮ್ಮ ಪಾಲು ಕರಗಿದೆ. ಈಗ ಅದು ಸುಮಾರು 34,000ದಲ್ಲಿ ಒಂದು. ಕೆಲವು ವರ್ಷ ಕಳೆದು ಯಾರೋ ಕಂಪನಿಯನ್ನು 9 ಕೋಟಿಗೆ ಕೊಂಡರು. ನಿಮ್ಮ ಕೈಗೆ ಸುಮಾರು 2,600 ಡಾಲರ್. 2 ಕೋಟಿಯ ಕಂಪನಿ ನಾಲ್ಕೂವರೆ ಪಟ್ಟಾಯಿತು, ನಿಮ್ಮ ಹಣ ಎರಡೂವರೆ ಪಟ್ಟಿಗಿಂತ ಚೂರು ಮೇಲೆ. ಪರವಾಗಿಲ್ಲ, ಒಳ್ಳೆಯದೇ.

ಈಗ ಅದೇ ಕಂಪನಿ 3 ಕೋಟಿಗೆ ಮಾರಾಟವಾಯಿತು ಅನ್ನಿ. ಪತ್ರಿಕೆಯಲ್ಲಿ ಸುದ್ದಿ ಬಂತು. ನೀವು ಹಾಕಿದಾಗ ಇದ್ದ ಬೆಲೆಗಿಂತ ಹೆಚ್ಚೇ ಬಂದಿದೆ, ಲಾಭ ಆಗಿರಬೇಕು ಅಂದುಕೊಳ್ಳುತ್ತೀರಿ. ಆದರೆ ಆ ಎರಡು ಫಂಡ್‌ಗಳು ಪಡೆದಿದ್ದು ‘ಪ್ರಿಫರ್ಡ್’ ಷೇರು. ಕಂಪನಿ ಮಾರಾಟವಾದರೆ ಮೊದಲು ಅವರ ಅಸಲು ತೀರಬೇಕು. 2.5 ಕೋಟಿ ಅವರಿಗೆ ಹೋಯಿತು. ಉಳಿದ 50 ಲಕ್ಷವನ್ನು ಸಂಸ್ಥಾಪಕರು, ನೌಕರರು, ನಿಮ್ಮಂಥವರು ಹಂಚಿಕೊಳ್ಳಬೇಕು. ನಿಮಗೆ ಬರುವುದು 227 ಡಾಲರ್. ಹಾಕಿದ್ದು 1,000.

ಇದು ಮೋಸ ಅಲ್ಲ. ಎಲ್ಲವೂ ಕಾಗದದಲ್ಲಿ ಮೊದಲೇ ಇರುತ್ತದೆ. ನೀವು ಕೊಂಡಿದ್ದು ಸಾಲಿನಲ್ಲಿ ಒಂದು ಜಾಗ. ನಿಮ್ಮ ಮುಂದೆ ಯಾರು ನಿಂತಿದ್ದಾರೆ, ಮುಂದೆ ಯಾರು ಬಂದು ನಿಲ್ಲಬಹುದು ಅಂತ ನೋಡದೆ ಕೊಳ್ಳುತ್ತಾರೆ ಅನ್ನುವುದೇ ನನ್ನ ತಕರಾರು. ಬ್ರಿಟನ್ನಿನ ಬ್ರೂಡಾಗ್ ಬಿಯರ್ ಕಂಪನಿ ವರ್ಷಗಟ್ಟಲೆ ತನ್ನ ಅಭಿಮಾನಿಗಳಿಗೇ ಆನ್‌ಲೈನ್‌ನಲ್ಲಿ ಷೇರು ಮಾರಿತ್ತು. 2017ರಲ್ಲಿ ಒಂದು ದೊಡ್ಡ ಹೂಡಿಕೆ ಸಂಸ್ಥೆ ಸುಮಾರು ಶೇ. 22 ಪಾಲು ಕೊಂಡಾಗ ಅದಕ್ಕೆ ಸಿಕ್ಕಿದ್ದು ವರ್ಷಕ್ಕೆ ಶೇ. 18 ಚಕ್ರಬಡ್ಡಿಯಂತೆ ಬೆಳೆಯುವ ಆದ್ಯತೆಯ ಷೇರು. ಶೇ. 18 ಅಂದರೆ ನಾಲ್ಕೇ ವರ್ಷಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು. ಅಷ್ಟೂ ತೀರಿದ ಮೇಲೆ ಅಭಿಮಾನಿಗಳ ಸರದಿ.

ಮಾರಾಟವೂ ಆಗದೆ, ಮುಳುಗಲೂ ಮುಳುಗದೆ ಸುಮ್ನೆ ನಡೆಯುವ ಕಂಪನಿಗಳೂ ಇವೆ. ನನ್ನದೇ ಕಥೆ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಕಂಪನಿಗೆ, ಹೆಸರು ಬೇಡ, 500 ಡಾಲರ್ ಹಾಕಿದೆ. ವಸ್ತು ಚೆನ್ನಾಗಿತ್ತು, ಸಂಸ್ಥಾಪಕಿ ಚೆನ್ನಾಗಿ ಮಾತಾಡಿದರು, ನನಗೆ ಆ ದಿನ ಹುರುಪೂ ಇತ್ತು. ಇಂದಿಗೂ ಹೊಸ ವರ್ಷಕ್ಕೆ ಶುಭಾಶಯದ ಇಮೇಲ್ ಬರುತ್ತದೆ. ದುಡ್ಡಿನ ಸುದ್ದಿ ಇಲ್ಲ. ಮಾರೋಣ ಅಂದರೆ ಕೊಳ್ಳುವವರಿಲ್ಲ. ನಿಯಮದ ಪ್ರಕಾರ ಮೊದಲ ಒಂದು ವರ್ಷ, ಕೆಲವು ವಿನಾಯಿತಿ ಬಿಟ್ಟರೆ, ಮಾರುವ ಹಾಗೇ ಇಲ್ಲ. ಆ ವರ್ಷ ಕಳೆದ ಮೇಲೆ ಮಾರಬಹುದು ಅನ್ನುತ್ತದೆ ನಿಯಮ, ಆದರೆ ಗಿರಾಕಿ ಹುಡುಕಿಕೊಡುವುದು ನಿಯಮದ ಕೆಲಸ ಅಲ್ಲವಲ್ಲ. ಕೆಲವು ಪೋರ್ಟಲ್‌ಗಳು ಮರುಮಾರಾಟದ ಕಟ್ಟೆ ತೆರೆದಿವೆ. ಅಲ್ಲಿ ಎಲ್ಲ ಕಂಪನಿಗಳೂ ಇಲ್ಲ, ಇರುವುದಕ್ಕೂ ವ್ಯಾಪಾರ ತೆಳು.

ಹಾಗಾದರೆ ಕಂಪನಿಗಳು ಈ ದಾರಿ ಹಿಡಿಯುವುದು ಏಕೆ? ಆದಾಯ, ಅಡಮಾನ ಇಲ್ಲದ ಕಂಪನಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ವೆಂಚರ್ ಫಂಡ್‌ಗಳಿಗೆ ನೂರು ಪಟ್ಟು ಬೆಳೆಯುವ ಕನಸು ಬೇಕು. ನಿಧಾನಕ್ಕೆ ಬೆಳೆಯುವ ಒಳ್ಳೆಯ ವ್ಯಾಪಾರ ಇವೆರಡರ ನಡುವೆ ಬಿದ್ದುಹೋಗುತ್ತದೆ. ಇನ್ನು ಕೆಲವರಿಗೆ ಹಣಕ್ಕಿಂತ ಅಭಿಮಾನ ಬೇಕು. ಷೇರು ಇರುವ ಗ್ರಾಹಕ ನಾಲ್ಕು ಜನರಿಗೆ ಹೇಳುತ್ತಾನೆ. ಬ್ರಿಟನ್ನಿನ ಮೊಂಜೊ ಬ್ಯಾಂಕ್ 2016ರಲ್ಲಿ, ಆಗ ಅದರ ಹೆಸರು ಮೊಂಡೊ, ಕ್ರೌಡ್‌ಕ್ಯೂಬ್ ಅನ್ನುವ ಅಲ್ಲಿನ ಪೋರ್ಟಲ್‌ನಲ್ಲಿ 96 ಸೆಕೆಂಡಿನಲ್ಲಿ 10 ಲಕ್ಷ ಪೌಂಡ್ ಎತ್ತಿತು. ಅದಕ್ಕೆ ಬೇರೆ ಕಡೆ ಹಣ ಸಿಗುತ್ತಿರಲಿಲ್ಲ ಅಂತಲ್ಲ, ಅದೇ ಸುತ್ತಿನಲ್ಲಿ ಒಂದು ವೆಂಚರ್ ಫಂಡ್ ಕೂಡ ಹಾಕಿತ್ತು. ಮೂರನೇ ಗುಂಪೂ ಒಂದಿದೆ: ಎಲ್ಲ ಕಡೆ ಬೇಡ ಅನಿಸಿಕೊಂಡು ಕೊನೆಗೆ ಇಲ್ಲಿಗೆ ಬಂದವರು. ಬೆಲೆಯ ಬಗ್ಗೆ ಜಗಳ ಆಡುವ ದೊಡ್ಡ ಹೂಡಿಕೆದಾರ ಇಲ್ಲಿ ಇಲ್ಲ. 2 ಕೋಟಿ ಅಂತ ಕಂಪನಿ ಬರೆದರೆ 2 ಕೋಟಿ. ಎರಡು ಸಾವಿರ ಜನ ಹಾಕಿದ್ದಾರೆ ಅನ್ನುವುದು ಆ ಬೆಲೆಗೆ ಸಾಕ್ಷಿ ಆಗಲಾರದು. ಅವರೂ ನಿಮ್ಮ ಹಾಗೆ ಇನ್ನೊಬ್ಬರು ಹಾಕಿದ್ದನ್ನು ನೋಡಿಯೇ ಹಾಕಿರಬಹುದು. ಅದೇ ಸುತ್ತಿನಲ್ಲಿ, ಅದೇ ಬೆಲೆಗೆ, ಇಂಥ ಕಂಪನಿಗಳನ್ನು ಅಳೆದು ನೋಡಿ ಅಭ್ಯಾಸ ಇರುವವರು ದೊಡ್ಡ ಮೊತ್ತ ಹಾಕಿದ್ದಾರಾ ಅಂತ ಕೇಳಿ. ಅದು ಬೇರೆ ಮಾತು.

ನಿಮ್ಮ ಬ್ಯಾಟರಿ ಕಂಪನಿಯ ವಿಡಿಯೊ ನೋಡುವುದು ಬಿಟ್ಟು ಅದರ ಫಾರ್ಮ್ ಸಿ ತೆಗೆಯಿರಿ. ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಹಿಂದಿನಿಂದ ಓದುತ್ತೇನೆ, ಮೊದಲು ಲೆಕ್ಕಪತ್ರ. ಬ್ಯಾಂಕಿನಲ್ಲಿ ಎಷ್ಟಿದೆ, ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ? ಭಾಗಿಸಿ. ಮೂರು ತಿಂಗಳು ಅಂತ ಬಂದರೆ ನಿಮ್ಮ ದುಡ್ಡು ಹೋಗುವುದು ಹೊಸ ಕಾರ್ಖಾನೆಗಲ್ಲ, ಹಳೇ ಸಂಬಳಕ್ಕೆ. ಆಮೇಲೆ ಸಂಸ್ಥಾಪಕರೇ ಕಂಪನಿಗೆ ಕೊಟ್ಟ ಸಾಲ ಇದೆಯಾ, ಎತ್ತಿದ ಹಣದಲ್ಲಿ ಅದನ್ನು ತೀರಿಸುತ್ತಾರಾ ಅಂತ ನೋಡಿ. ಹಿಂದಿನ ಸುತ್ತಿನಲ್ಲಿ ಷೇರಿನ ಬೆಲೆ ಎಷ್ಟಿತ್ತು, ಈಗ ಎಷ್ಟು, ನಡುವೆ ಏನು ಸಾಧಿಸಿದರು ಅಂತಲೂ ನೋಡಿ. ಲೆಕ್ಕವನ್ನು ಯಾರು ನೋಡಿದ್ದಾರೆ ಅನ್ನುವುದೂ ಮುಖ್ಯ. ಸಣ್ಣ ಮೊತ್ತಕ್ಕೆ ಕಂಪನಿಯ ಮುಖ್ಯಸ್ಥರ ಸಹಿ ಸಾಕು, ಅದಕ್ಕಿಂತ ಮೇಲೆ ಹೊರಗಿನ ಅಕೌಂಟೆಂಟ್ ಮೇಲ್ನೋಟ ನೋಡಬೇಕು, ಇನ್ನೂ ಮೇಲೆ ಹೋದರೆ ಆಡಿಟ್. ಮೇಲ್ನೋಟಕ್ಕೂ ಆಡಿಟ್‌ಗೂ ತುಂಬಾ ಅಂತರ ಇದೆ. ಕಂಪನಿ ಮುಂದುವರಿಯುವ ಬಗ್ಗೆ ಸಂಶಯ ಇದೆ ಅಂತ ಆಡಿಟರ್ ಬರೆದಿದ್ದರೆ ಗಾಬರಿ ಬೇಡ, ಹೊಸ ಕಂಪನಿಗಳಲ್ಲಿ ಅದು ಸಾಮಾನ್ಯ. ಆದರೆ ಆ ಸಾಲು ಇದ್ದೂ ಬೆಲೆ ಮಾತ್ರ ಆಕಾಶದಲ್ಲಿದ್ದರೆ ನಾನು ಅಲ್ಲಿಂದ ಎದ್ದುಬಿಡುತ್ತೇನೆ.

ಪುಟದಲ್ಲಿ ಗಡಿಯಾರ ಓಡುತ್ತಿರುತ್ತದೆ, ‘ಇನ್ನು 6 ಗಂಟೆಯಲ್ಲಿ ಹಾಕಿದರೆ ಶೇ. 10 ಬೋನಸ್ ಷೇರು’ ಅಂತ. ನಗು ಬರುತ್ತದೆ. ತಾವೇ ಹೇಳಿದ ಬೆಲೆಯನ್ನು ತಾವೇ ಇಳಿಸಿ ಉಡುಗೊರೆ ಅನ್ನುತ್ತಿದ್ದಾರೆ. ಆ ಗಡಿಯಾರಕ್ಕೆ ಹೆದರಿ ಹಾಕಬೇಡಿ.

250 ಡಾಲರ್ ಹಾಕಬೇಕಾ ಬೇಡವಾ ಅಂತ ನಾನು ಹೇಳಲಾರೆ, ಫಾರ್ಮ್ ನೋಡಿಲ್ಲ. ಹತ್ತು ವರ್ಷ ಮರೆತರೂ ನಡೆಯುವ ದುಡ್ಡಾದರೆ ಮುಂದಿನ ಮಾತು. ಒಂದೇ ಕಂಪನಿಗೆ ದೊಡ್ಡದಾಗಿ ಹಾಕುವುದಕ್ಕಿಂತ ಹಲವು ಕಂಪನಿಗಳಿಗೆ ಸಣ್ಣದಾಗಿ ಹಾಕುವುದು ಮೇಲು. ಏಕೆಂದರೆ ಇಂಥವುಗಳಲ್ಲಿ ಹೆಚ್ಚಿನವು ಮುಳುಗುತ್ತವೆ, ಗೆದ್ದ ಒಂದೆರಡು ಉಳಿದದ್ದನ್ನು ತುಂಬಿಕೊಡಬೇಕು.

ಇನ್ನು ನಿಮ್ಮ ತಮ್ಮನ ವಿಷಯ. ಬೇಡ ಅಂತ ಹೇಳಿ, ಇವತ್ತೇ ಹೇಳಿ. ಭಾರತದಲ್ಲಿ ಈ ಬಾಗಿಲು ತೆರೆದೇ ಇಲ್ಲ. ಕಂಪನಿಗಳ ಕಾಯ್ದೆ 2013ರ ಪ್ರಕಾರ ಪ್ರೈವೇಟ್ ಲಿಮಿಟೆಡ್ ಕಂಪನಿ ಸಾರ್ವಜನಿಕರನ್ನು ಷೇರು ಕೊಳ್ಳಲು ಕರೆಯುವಂತಿಲ್ಲ. ಸೆಕ್ಷನ್ 42ರ ದಾರಿಯಲ್ಲಿ ಗುರುತಿಸಿದ ವ್ಯಕ್ತಿಗಳಿಗೆ ಹೆಸರು ಹಾಕಿ ಪತ್ರ ಕೊಟ್ಟು ಷೇರು ಕೊಡಬಹುದು. ಅದೂ ಒಂದು ಆರ್ಥಿಕ ವರ್ಷದಲ್ಲಿ 200 ಜನರಿಗೆ ಮಾತ್ರ, ನೌಕರರಿಗೆ ಕೊಡುವ ಷೇರು ಮತ್ತು ದೊಡ್ಡ ಸಾಂಸ್ಥಿಕ ಹೂಡಿಕೆದಾರರನ್ನು ಬಿಟ್ಟು. ಜಾಹೀರಾತು ಕೊಡುವ ಹಾಗಿಲ್ಲ. ಫೇಸ್‌ಬುಕ್ ಪೋಸ್ಟ್ ಕೂಡ ಜಾಹೀರಾತೇ. ತಪ್ಪಿದರೆ ಎತ್ತಿದ ಮೊತ್ತದಷ್ಟು ಅಥವಾ 2 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅಲ್ಲಿಯವರೆಗೆ ದಂಡ ಬೀಳಬಹುದು. ಕಂಪನಿಗೆ ಮಾತ್ರವಲ್ಲ, ನಡೆಸುವವರಿಗೂ. ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು.

ಭಾರತದ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2014ರ ಜೂನ್‌ನಲ್ಲಿ ಕ್ರೌಡ್‌ಫಂಡಿಂಗ್ ಬಗ್ಗೆ ಒಂದು ಚರ್ಚಾ ಪತ್ರ ತಂದಿತ್ತು. ಅದು ನಿಯಮವಾಗಲಿಲ್ಲ. 2016ರ ಆಗಸ್ಟ್‌ನಲ್ಲಿ ಅದೇ ಸೆಬಿ, ಇಂಥ ಅನುಮತಿ ಇಲ್ಲದ ಆನ್‌ಲೈನ್ ವೇದಿಕೆಗಳಿಂದ ದೂರ ಇರಿ ಅಂತ ಹೂಡಿಕೆದಾರರಿಗೆ ಎಚ್ಚರಿಕೆ ಕೊಟ್ಟಿತು. ‘ನಾವು ಮಾಡಿಸಿಕೊಡುತ್ತೇವೆ’ ಅಂತ ಯಾರಾದರೂ ನಿಮ್ಮ ತಮ್ಮನ ಹಿಂದೆ ಬಿದ್ದಿದ್ದರೆ, ಮೊದಲು ಅವರ ಸೆಬಿ ನೋಂದಣಿ ಸಂಖ್ಯೆ ಕೇಳಲಿ. ಆಮೇಲೆ ಕಂಪನಿ ಕಾನೂನಿನ ಕಾಗದಪತ್ರ ನೋಡಿಕೊಳ್ಳುವ ಒಬ್ಬ ಕಂಪನಿ ಸೆಕ್ರೆಟರಿಯ ಹತ್ತಿರ ಹೋಗಿ, ಬಂಧುಮಿತ್ರರಲ್ಲಿ ಯಾರ್ಯಾರಿಂದ ಎಷ್ಟೆಷ್ಟು ಅಂತ ಪಟ್ಟಿ ಮಾಡಿಕೊಂಡು ಸೆಕ್ಷನ್ 42ರ ಕಾಗದಪತ್ರ ಸರಿಯಾಗಿ ಮಾಡಿಸಲಿ. ಹಣ ಬ್ಯಾಂಕಿನ ಮೂಲಕವೇ ಬರಬೇಕು, ನಗದು ತೆಗೆದುಕೊಳ್ಳಬಾರದು. ನೀವೂ ಆ ಪಟ್ಟಿಯಲ್ಲಿ ಸೇರುವುದಾದರೆ ಹೊರದೇಶದಿಂದ ಬರುವ ಹೂಡಿಕೆಗೆ ರಿಸರ್ವ್ ಬ್ಯಾಂಕಿನ ಬೇರೆ ನಿಯಮಗಳಿವೆ. ಅದನ್ನು ಆ ಸೆಕ್ರೆಟರಿಗೆ ಮೊದಲ ದಿನವೇ ತಿಳಿಸಿಬಿಡಿ.